ಚಳಿಗಾಲದಲ್ಲಿ ಮೋಟಾರು ಕಾರಿಗೆ ಇಂಧನ ಹೆಚ್ಚು ಬೇಕಾಗುವುದೇಕೆ?

ವಿಜ್ಞಾನವು ಪ್ರಯೋಗಶಾಲೆಯ ಗಾಜಿನ ಪಾತ್ರೆಗಳಲ್ಲಿ ಮಾತ್ರ ಅಡಗಿರುವ ವಿದ್ಯೆಯಲ್ಲ. ಅಡುಗೆಮನೆಯ ಒಲೆ, ಬಂಡಿಯ ಅಚ್ಚು, ಬೀದಿಯಲ್ಲಿ ಓಡುವ ಮೋಟಾರು ಇವೆಲ್ಲವೂ ಒಂದೇ ನಿಯಮಗಳಿಗೆ ಒಳಪಟ್ಟು ನಡೆಯುವಂಥವು. ದಿನನಿತ್ಯದ ಒಂದು ಸಣ್ಣ ಸಂಗತಿಯನ್ನು ಹಿಡಿದು 'ಏಕೆ?' ಎಂದು ಕೇಳುತ್ತ ಹೋದರೆ, ಭೌತಶಾಸ್ತ್ರದ ಅನೇಕ ಅಧ್ಯಾಯಗಳು ಒಂದರ ಹಿಂದೊಂದು ತಾವಾಗಿಯೇ ತೆರೆದುಕೊಳ್ಳುತ್ತವೆ. ಅಂಥ ಸಂಗತಿಗಳಲ್ಲಿ ಒಂದು, ಚಳಿಗಾಲದಲ್ಲಿ ಮೋಟಾರು ಕಾರು ಹೆಚ್ಚು ಇಂಧನವನ್ನು ಬೇಡುವುದು.

ಅಮೆರಿಕ, ಕೆನಡಾ ಮೊದಲಾದ ಶೀತದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಪ್ರತಿ ವರ್ಷದ ಅನುಭವ. ಕಾರು ಅದೇ, ರಸ್ತೆ ಅದೇ, ಓಡಿಸುವ ಕೈ ಅದೇ. ಆದರೂ ಜುಲೈ ತಿಂಗಳಲ್ಲಿ ವಾರಕ್ಕೊಮ್ಮೆ ತುಂಬಿಸಿದರೆ ಸಾಕಾಗುತ್ತಿದ್ದ ತೊಟ್ಟಿ ಜನವರಿಯಲ್ಲಿ ವಾರ ತುಂಬುವ ಮೊದಲೇ ಬರಿದಾಗುತ್ತದೆ. ಇದು ವಾಹನದ ದೋಷವೂ ಅಲ್ಲ, ಬಂಕಿನವರ ಮೋಸವೂ ಅಲ್ಲ. ಹತ್ತಾರು ಸಣ್ಣ ಕಾರಣಗಳು ಕೂಡಿ ದೊಡ್ಡ ನಷ್ಟವಾಗಿ ಪರಿಣಮಿಸುವ ಬಗೆಗೆ ಇದೊಂದು ಉತ್ತಮ ಉದಾಹರಣೆ.

ಅಳತೆಗಳು ಹೇಳುವುದೇನು?

ಅಮೆರಿಕದ ಇಂಧನ ಇಲಾಖೆಯು ಪ್ರಕಟಿಸಿರುವ ಅಂಕಿಗಳ ಪ್ರಕಾರ, ಸಾಮಾನ್ಯ ಪೆಟ್ರೋಲು ಕಾರೊಂದು ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಗರದ ಓಡಾಟದಲ್ಲಿ ಕೊಡುವ ಮೈಲೇಜಿಗೆ ಹೋಲಿಸಿದರೆ, ಶೂನ್ಯಕ್ಕಿಂತ ಸುಮಾರು ೭ ಡಿಗ್ರಿ ಕೆಳಗಿನ ಚಳಿಯಲ್ಲಿ ಶೇಕಡಾ ೧೫ರಷ್ಟು ಕಡಿಮೆ ಕೊಡುತ್ತದೆ. ಓಡಾಟವು ಐದಾರು ಕಿಲೋಮೀಟರಿನಷ್ಟು ಚಿಕ್ಕದಾಗಿದ್ದರೆ ಈ ಇಳಿಕೆ ಶೇಕಡಾ ೨೪ರವರೆಗೂ ಹೋಗಬಹುದು. ಪೆಟ್ರೋಲು ಎಂಜಿನ್ ಹಾಗೂ ವಿದ್ಯುತ್ ಮೋಟಾರು ಎರಡನ್ನೂ ಹೊಂದಿರುವ ಹೈಬ್ರಿಡ್ ಕಾರುಗಳಲ್ಲಿ ಇಳಿಕೆ ಶೇಕಡಾ ೩೦ನ್ನೂ ದಾಟುತ್ತದೆ.

ಈ ಅಂಕಿಗಳಲ್ಲಿ ಎರಡು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು, ದೂರ ಕಡಿಮೆಯಾದಷ್ಟೂ ನಷ್ಟ ಹೆಚ್ಚು. ಎರಡು, ಬೇರೆ ಸಮಯದಲ್ಲಿ ಹೆಚ್ಚು ಮಿತವ್ಯಯಿಯಾದ ವಾಹನವೇ ಚಳಿಯಲ್ಲಿ ಹೆಚ್ಚು ಸೋಲುತ್ತದೆ. ಇವೆರಡಕ್ಕೂ ಸಮಾಧಾನ ಮುಂದೆ ದೊರೆಯುತ್ತದೆ.

ಒಂದು ಸಹಜವಾದ ಸಂದೇಹ

ಉಷ್ಣಗತಿಶಾಸ್ತ್ರವನ್ನು ಓದಿದ ಬುದ್ಧಿವಂತ ವಿದ್ಯಾರ್ಥಿಯು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಫ್ರಾನ್ಸಿನ ಸಾದಿ ಕಾರ್ನೋ ೧೮೨೪ರಲ್ಲಿ ತೋರಿಸಿಕೊಟ್ಟ ತತ್ವದ ಪ್ರಕಾರ, ಉಷ್ಣಯಂತ್ರದ ದಕ್ಷತೆಯು ಬಿಸಿಯಾದ ಮೂಲಕ್ಕೂ ತಣ್ಣಗಿನ ಆಶ್ರಯಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. ಹೊರಗಿನ ಹವೆ ತಣ್ಣಗಾದಷ್ಟೂ ಅಂತರ ಹೆಚ್ಚಾಗುತ್ತದೆ. ಹಾಗಿದ್ದ ಮೇಲೆ ಚಳಿಯಲ್ಲಿ ಎಂಜಿನ್ ಹೆಚ್ಚು ದಕ್ಷವಾಗಬೇಕಲ್ಲವೆ?

ಆಕ್ಷೇಪವು ಸರಿಯಾದುದೇ, ಆದರೆ ಅದರ ತೂಕ ಅಲ್ಪ. ದಹನದ ಉಷ್ಣತೆ ೨,೦೦೦ ಕೆಲ್ವಿನ್ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಹೊರಗಿನ ಉಷ್ಣತೆ ೨೯೮ ಕೆಲ್ವಿನ್‌ನಿಂದ ೨೬೬ ಕೆಲ್ವಿನ್‌ಗೆ ಇಳಿದಾಗ, ಘರ್ಷಣೆಯೇ ಇಲ್ಲದ ಆದರ್ಶಯಂತ್ರದ ದಕ್ಷತೆ ಶೇಕಡಾ ೮೫ರಿಂದ ಸುಮಾರು ೮೭ಕ್ಕೆ ಏರುತ್ತದೆ. ಲಾಭ ಇಷ್ಟೇ. ವಾಸ್ತವದ ಎಂಜಿನ್ನಿನಲ್ಲಿ ಉರಿದ ಅನಿಲವು ಹಲವು ನೂರು ಡಿಗ್ರಿಗಳಷ್ಟು ಬಿಸಿಯಾಗಿರುವಾಗಲೇ ಹೊರಬೀಳುವುದರಿಂದ, ಹೊರಗಿನ ಚಳಿಯ ಈ ಪ್ರಯೋಜನವೂ ಅದಕ್ಕೆ ಪೂರ್ತಿಯಾಗಿ ದಕ್ಕುವುದಿಲ್ಲ. ಅಲ್ಲದೆ, ಪೆಟ್ರೋಲು ಎಂಜಿನ್ನಿನಲ್ಲಿ ಶಕ್ತಿಯನ್ನು ಹತೋಟಿಯಲ್ಲಿಡುವುದು ಒಳಬರುವ ಗಾಳಿಯನ್ನು ತಡೆಯುವ ಥ್ರಾಟಲ್ ಎಂಬ ಬಾಗಿಲು. ತಣ್ಣಗಿನ ಗಾಳಿ ದಟ್ಟವಾಗಿರುವುದರಿಂದ ಅದೇ ಕೆಲಸಕ್ಕೆ ಬಾಗಿಲನ್ನು ಇನ್ನಷ್ಟು ಮುಚ್ಚಬೇಕಾಗುತ್ತದೆ. ಆ ಕಿರಿದಾದ ಸಂದಿನ ಮೂಲಕ ಗಾಳಿಯನ್ನು ಎಳೆದುಕೊಳ್ಳಲು ಪಿಸ್ಟನ್ ಹೆಚ್ಚು ಶ್ರಮಪಡುತ್ತದೆ. ಹೀಗೆ ಒಂದು ಕೈಯಿಂದ ಬಂದ ಲಾಭ ಇನ್ನೊಂದು ಕೈಯಿಂದ ಜಾರಿಹೋಗುತ್ತದೆ. ಉಳಿದ ನಷ್ಟಗಳ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಹೆಂಚು ಕಾಯುವ ಮೊದಲು

ನಷ್ಟಗಳಲ್ಲಿ ಮೊದಲನೆಯದನ್ನು ತಿಳಿಯಲು ಎಂಜಿನ್ನಿಗಿಂತ ಅಡುಗೆಮನೆಯೇ ಒಳ್ಳೆಯ ಪಾಠಶಾಲೆ. ಜೋಳದ ರೊಟ್ಟಿ ಸುಡುವ ತಾಯಿಗೆ, ಮೊದಲನೆಯ ರೊಟ್ಟಿ ಬೀಳುವುದಕ್ಕೆ ಮುಂಚೆ ಹೆಂಚು ಕಾಯಲೆಂದೇ ಒಂದಷ್ಟು ಕಟ್ಟಿಗೆ ಹೋಗುತ್ತದೆ ಎಂಬುದು ಗೊತ್ತು. ಆ ಕಟ್ಟಿಗೆಯಿಂದ ಒಂದು ರೊಟ್ಟಿಯೂ ಬೇಯುವುದಿಲ್ಲ. ಇಪ್ಪತ್ತು ರೊಟ್ಟಿ ಸುಟ್ಟರೆ ಆ ಖರ್ಚು ಇಪ್ಪತ್ತರ ಮೇಲೂ ಹಂಚಿಹೋಗಿ ಹಗುರವಾಗುತ್ತದೆ. ಒಂದೇ ರೊಟ್ಟಿಗಾಗಿ ಒಲೆ ಹೊತ್ತಿಸಿದರೆ ಎಲ್ಲ ಹೊರೆಯೂ ಅದೊಂದರ ಮೇಲೆಯೇ ಬೀಳುತ್ತದೆ.

ಮೋಟಾರಿನ ಎಂಜಿನ್ನೂ ಹೀಗೆಯೇ. ಅದರ ಭಾಗಗಳು ಸರಾಗವಾಗಿ ಆಡಬೇಕಾದರೆ, ಅದನ್ನು ಸುತ್ತುವರಿದ ನೀರು ಸುಮಾರು ೯೦ ಡಿಗ್ರಿಯವರೆಗೆ ಕಾಯಬೇಕು. ಹೊರಗಿನ ಉಷ್ಣತೆ ೨೫ ಡಿಗ್ರಿ ಇದ್ದರೆ ಎಂಜಿನ್ ಏರಬೇಕಾದ ಮೆಟ್ಟಿಲುಗಳು ೬೫. ಶೂನ್ಯಕ್ಕಿಂತ ೭ ಡಿಗ್ರಿ ಕೆಳಗಿದ್ದರೆ ೯೭. ಅಂದರೆ ಒಂದೂವರೆ ಪಟ್ಟು. ಏರುವ ದಾರಿಯುದ್ದಕ್ಕೂ ತಣ್ಣಗಿನ ಗಾಳಿ ಆ ಶಾಖವನ್ನು ಕಸಿದುಕೊಳ್ಳುತ್ತಲೇ ಇರುವುದರಿಂದ, ಕಾಯಲು ಹಿಡಿಯುವ ಸಮಯವೂ ಹೆಚ್ಚುತ್ತದೆ. ಅಷ್ಟು ಹೊತ್ತೂ ಎಂಜಿನ್ ತನ್ನ ಅತ್ಯಂತ ದುಂದುಗಾರ ಸ್ಥಿತಿಯಲ್ಲಿ ನಡೆಯುತ್ತಿರುತ್ತದೆ.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಕಾದ ಎಂಜಿನ್ ಲೀಟರಿಗೆ ೧೫ ಕಿಲೋಮೀಟರ್ ಓಡುವುದೆಂದೂ, ಪ್ರತಿ ತಣ್ಣನೆಯ ಪ್ರಾರಂಭಕ್ಕೆ ೮೦ ಮಿಲಿಲೀಟರು ಹೆಚ್ಚುವರಿ ಪೆಟ್ರೋಲು ಹೋಗುವುದೆಂದೂ ಇಟ್ಟುಕೊಳ್ಳಲಿ. ೫ ಕಿಲೋಮೀಟರಿನ ಓಡಾಟಕ್ಕೆ ನ್ಯಾಯವಾಗಿ ಬೇಕಾದದ್ದು ೩೩೩ ಮಿಲಿಲೀಟರು. ಹೆಚ್ಚುವರಿ ಸೇರಿ ೪೧೩. ಮೈಲೇಜು ೧೫ರಿಂದ ೧೨ಕ್ಕೆ ಕುಸಿಯಿತು. ಅದೇ ಕಾರು ಒಂದೇ ಉಸಿರಿಗೆ ೫೦ ಕಿಲೋಮೀಟರ್ ಹೋದರೆ ೩,೩೩೩ಕ್ಕೆ ೮೦ ಸೇರಿ ೩,೪೧೩ ಮಿಲಿಲೀಟರು, ಮೈಲೇಜು ೧೪.೬. ಹತ್ತು ಬೇರೆ ಬೇರೆ ಕೆಲಸಗಳಿಗೆ ಹತ್ತು ಸಲ ತಣ್ಣಗಿನ ಎಂಜಿನ್ ಹೂಡಿದರೆ, ಒಂದೇ ಸುತ್ತಿನಲ್ಲಿ ಮುಗಿಸುವುದಕ್ಕಿಂತ ಮುಕ್ಕಾಲು ಲೀಟರಿಗೆ ಹತ್ತಿರದಷ್ಟು ಪೆಟ್ರೋಲು ವ್ಯರ್ಥವಾಗಿ ಹೋಗುತ್ತದೆ. ಚಿಕ್ಕ ಓಡಾಟದಲ್ಲಿ ನಷ್ಟ ಹೆಚ್ಚೆಂಬ ಮೊದಲನೆಯ ಗಮನಿಕೆಗೆ ಇದೇ ಸಮಾಧಾನ.

ಎರಡನೆಯದಕ್ಕೂ ಇಲ್ಲಿಯೇ ಉತ್ತರವಿದೆ. ಹೈಬ್ರಿಡ್ ಕಾರು ಮಿತವ್ಯಯವನ್ನು ಸಾಧಿಸುವುದು ತನ್ನ ಪೆಟ್ರೋಲು ಎಂಜಿನ್ನನ್ನು ಆಗಾಗ ನಿಲ್ಲಿಸಿ, ಬ್ಯಾಟರಿಯ ಬಲದಿಂದ ಸಾಗುವುದರ ಮೂಲಕ. ಚಳಿಯಲ್ಲಿ ಎಂಜಿನ್ ತಣ್ಣಗಾಗದಂತೆಯೂ, ಒಳಗೆ ಕುಳಿತವರಿಗೆ ಬಿಸಿಗಾಳಿ ಒದಗುವಂತೆಯೂ ಅದನ್ನು ಓಡಿಸುತ್ತಲೇ ಇರಬೇಕಾಗುತ್ತದೆ. ಬ್ಯಾಟರಿಯೂ ಚಳಿಗೆ ಮಂದವಾಗುತ್ತದೆ. ಉಳಿತಾಯದ ಮೂಲವೇ ಬತ್ತಿದ ಮೇಲೆ ಇಳಿಕೆ ದೊಡ್ಡದಾಗಿ ಕಾಣುವುದು ಸಹಜ.

ಆವಿಯಾಗದ ಪೆಟ್ರೋಲು

ದ್ರವರೂಪದ ಪೆಟ್ರೋಲು ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಒಂದು ಪಾಲು ಪೆಟ್ರೋಲಿನ ಆವಿ ಪೂರ್ತಿಯಾಗಿ ಉರಿಯಲು ತೂಕದಲ್ಲಿ ೧೪.೭ ಪಾಲು ಗಾಳಿ ಬೇಕು. ಕಾದ ಎಂಜಿನ್ನಿನಲ್ಲಿ ಈ ಪ್ರಮಾಣವನ್ನು ಕರಾರುವಾಕ್ಕಾಗಿ ಕಾಯ್ದುಕೊಳ್ಳಬಹುದು. ತಣ್ಣಗಿನ ಎಂಜಿನ್ನಿನಲ್ಲಾದರೋ ಸಿಂಪಡಿಸಿದ ಪೆಟ್ರೋಲಿನ ಒಂದು ಭಾಗವು ಆವಿಯಾಗದೆ, ನಳಿಕೆಯ ಮತ್ತು ಸಿಲಿಂಡರಿನ ಗೋಡೆಗಳಿಗೆ ತೇವವಾಗಿ ಅಂಟಿಕೊಳ್ಳುತ್ತದೆ. ಬೇಕಾದಷ್ಟು ಆವಿಯನ್ನು ಪಡೆಯಲು ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ಸುರಿಯುವುದೊಂದೇ ಉಪಾಯ.

ಅಂಬಾಸಿಡರ್, ಪದ್ಮಿನಿ ಮೊದಲಾದ ಹಳೆಯ ಕಾರುಗಳನ್ನು ನಡೆಸಿದವರು, ಡಿಸೆಂಬರಿನ ಬೆಳಗ್ಗೆ 'ಚೋಕ್' ಎಳೆದು ಎಂಜಿನ್ ಹೂಡುತ್ತಿದ್ದುದನ್ನು ನೆನೆಯಬಹುದು. ಚೋಕ್ ಎಂದರೆ ಕಾರ್ಬುರೇಟರಿನ ಗಾಳಿಯ ದಾರಿಯನ್ನು ಕಿರಿದುಗೊಳಿಸಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವ ಸಾಧನ. ಇಂದಿನ ಕಾರುಗಳಲ್ಲಿ ಆ ಗುಂಡಿ ಕಾಣುವುದಿಲ್ಲ. ಆದರೆ ಕೆಲಸ ತಪ್ಪಿಲ್ಲ. ಉಷ್ಣತೆಯನ್ನು ಅಳೆಯುವ ಸಂವೇದಕವು ಕೊಡುವ ಸೂಚನೆಯಂತೆ ಎಂಜಿನ್ನಿನ ಗಣಕವೇ ಹೆಚ್ಚು ಪೆಟ್ರೋಲನ್ನು ಸಿಂಪಡಿಸುತ್ತದೆ. ಚಾಲಕನ ಕಣ್ಣಿಗೆ ಬೀಳದೆ ಖರ್ಚು ನಡೆದೇ ಇರುತ್ತದೆ.

ಹೀಗೆ ಹೆಚ್ಚಾಗಿ ಸುರಿದ ಪೆಟ್ರೋಲಿನ ಒಂದಂಶವು ಅರೆಬರೆ ಉರಿದು ಹೊಗೆಯೊಡನೆ ಹೊರಹೋಗುತ್ತದೆ. ಅದರಲ್ಲಿರುವ ವಿಷಾನಿಲಗಳನ್ನು ನಿರಪಾಯಗೊಳಿಸಲು ಹೊಗೆನಳಿಕೆಯಲ್ಲಿ ಅಳವಡಿಸಿರುವ ಕ್ರಿಯಾವರ್ಧಕವು ಸುಮಾರು ೨೫೦-೩೦೦ ಡಿಗ್ರಿಗೆ ಕಾಯುವವರೆಗೆ ತನ್ನ ಕೆಲಸವನ್ನು ಪ್ರಾರಂಭಿಸುವುದಿಲ್ಲ. ಆದಕಾರಣ ಒಂದು ಚಿಕ್ಕ ಓಡಾಟದ ಮಾಲಿನ್ಯದಲ್ಲಿ ಬಹುಪಾಲು ಮೊದಲ ಒಂದೆರಡು ನಿಮಿಷಗಳಲ್ಲಿಯೇ ಹೊಮ್ಮುತ್ತದೆ. ಕ್ರಿಯಾವರ್ಧಕವನ್ನು ಬೇಗ ಕಾಯಿಸಲು ಗಣಕವು ಎಂಜಿನ್ನನ್ನು ಬೇಕೆಂದೇ ತುಸು ಹೆಚ್ಚಿನ ವೇಗದಲ್ಲಿ ತಿರುಗಿಸಿ, ಕಿಡಿಯನ್ನು ತುಸು ತಡಮಾಡಿ ಹಾರಿಸುತ್ತದೆ. ಗಾಳಿಯ ಶುದ್ಧಿಗಾಗಿ ತೆರುವ ಈ ಬೆಲೆಯೂ ಇಂಧನದ ಲೆಕ್ಕಕ್ಕೇ ಸೇರುತ್ತದೆ.

ಗಟ್ಟಿಯಾಗುವ ಎಣ್ಣೆ

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನಿಗೆ ಎಣ್ಣೆಯ ಬೆಲೆ ಗೊತ್ತು. ಎಂಜಿನ್ನಿನ ಒಳಗೂ ಲೋಹವು ಲೋಹಕ್ಕೆ ಉಜ್ಜದಂತೆ ನಡುವೆ ತೆಳುವಾದ ಎಣ್ಣೆಯ ಪದರವಿರುತ್ತದೆ. ಆದರೆ ಎಣ್ಣೆಯು ಘರ್ಷಣೆಯನ್ನು ತಪ್ಪಿಸುವುದರೊಡನೆ ತಾನೂ ಒಂದು ತಡೆಯನ್ನು ಒಡ್ಡುತ್ತದೆ. ಈ ಗುಣಕ್ಕೆ ಸ್ನಿಗ್ಧತೆಯೆಂದು ಹೆಸರು. ಉಷ್ಣತೆ ಇಳಿದಂತೆ ಸ್ನಿಗ್ಧತೆ ಬಹು ವೇಗವಾಗಿ ಏರುತ್ತದೆ.

ಎಂಜಿನ್ ಎಣ್ಣೆಯ ಡಬ್ಬಿಗಳ ಮೇಲೆ '೫ ಡಬ್ಲ್ಯು-೩೦' ಎಂಬಂಥ ಗುರುತುಗಳನ್ನು ಎಲ್ಲರೂ ಕಂಡಿರುತ್ತಾರೆ. ಇದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ರೂಪಿಸಿದ ವರ್ಗೀಕರಣ. ಇಲ್ಲಿನ 'ಡಬ್ಲ್ಯು' ಅಕ್ಷರವು ಚಳಿಗಾಲವೆಂಬುದಕ್ಕೆ ಇಂಗ್ಲಿಷಿನಲ್ಲಿರುವ 'ವಿಂಟರ್' ಎಂಬ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆಯು ಚಳಿಯಲ್ಲಿ ಹೆಚ್ಚು ಸರಾಗವಾಗಿ ಹರಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು ೧ ಮಿಲಿಪ್ಯಾಸ್ಕಲ್-ಸೆಕೆಂಡು. '೫ ಡಬ್ಲ್ಯು-೩೦' ಎಣ್ಣೆಯದು ೧೦೦ ಡಿಗ್ರಿಯಲ್ಲಿ ಹತ್ತರ ಆಸುಪಾಸು. ಶೂನ್ಯಕ್ಕಿಂತ ೩೦ ಡಿಗ್ರಿ ಕೆಳಗೆ ಅದು ೬,೬೦೦ರವರೆಗೆ ಇರಬಹುದೆಂದು ಮಾನಕವೇ ಅನುಮತಿಸುತ್ತದೆ. ಅಂದರೆ ಅದೇ ಎಣ್ಣೆ ನೂರಾರು ಪಟ್ಟು ಗಟ್ಟಿ. ಜೇನುತುಪ್ಪದಲ್ಲಿ ಕವ್ವ ಆಡಿಸಿದಂತೆ ಎಂಜಿನ್ ತನ್ನದೇ ಎಣ್ಣೆಯಲ್ಲಿ ತಿಣುಕುತ್ತದೆ. ಗೇರ್‌ಪೆಟ್ಟಿಗೆಯ ಎಣ್ಣೆ, ಗಾಲಿಗಳ ಬೇರಿಂಗಿನ ಗ್ರೀಸು ಇವುಗಳ ಪಾಡೂ ಇದೇ. ಎಂಜಿನ್ ಉರಿಯ ಹತ್ತಿರವಿದ್ದು ಬೇಗ ಕಾಯುತ್ತದೆ. ಉರಿಯಿಂದ ದೂರವಿರುವ ಇವು ಕಾಯಲು ಬಹಳ ಹೊತ್ತು ಬೇಕು.

ಸೀಸ-ಆಮ್ಲದ ಬ್ಯಾಟರಿಯ ರಾಸಾಯನಿಕ ಕ್ರಿಯೆಯೂ ಚಳಿಯಲ್ಲಿ ನಿಧಾನವಾಗುತ್ತದೆ. ಎಂಜಿನ್ ತಿರುಗಲು ಹೆಚ್ಚಿನ ಬಲ ಬೇಡುವ ಹೊತ್ತಿಗೇ ಬ್ಯಾಟರಿಯ ಬಲ ಕುಗ್ಗಿರುತ್ತದೆ. ಹೂಡಿದ ನಂತರ ಅದನ್ನು ಮತ್ತೆ ತುಂಬುವ, ಗಾಜಿನ ಮಂಜು ಕರಗಿಸುವ, ದೀರ್ಘವಾದ ಇರುಳಿನಲ್ಲಿ ದೀಪಗಳನ್ನು ಉರಿಸುವ ವಿದ್ಯುತ್ತೆಲ್ಲವೂ ಕಡೆಗೆ ಪೆಟ್ರೋಲಿನಿಂದಲೇ ಹುಟ್ಟಬೇಕು.

ಗಾಳಿಯೂ ಗಾಲಿಯೂ

ಎಂಜಿನ್ ಪೂರ್ತಿ ಕಾದ ಮೇಲೂ ಚಳಿಯ ಕಾಟ ಮುಗಿಯುವುದಿಲ್ಲ. ಸ್ಥಿರವಾದ ಒತ್ತಡದಲ್ಲಿ ಅನಿಲದ ಸಾಂದ್ರತೆಯು ಅದರ ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುತ್ತದೆ. ೨೯೮ನ್ನು ೨೬೬ರಿಂದ ಭಾಗಿಸಿದರೆ ೧.೧೨ ಬರುತ್ತದೆ, ಆದ್ದರಿಂದ ಮೇಲೆ ಹೇಳಿದ ಚಳಿಯಲ್ಲಿ ಗಾಳಿ ಶೇಕಡಾ ೧೨ರಷ್ಟು ಹೆಚ್ಚು ದಟ್ಟ. ಕಾರು ಅದನ್ನು ಸೀಳಿ ಮುನ್ನಡೆಯಲು ಬೇಕಾದ ಬಲವೂ ಅಷ್ಟೇ ಹೆಚ್ಚು. ನಗರದ ನಿಧಾನಗತಿಯಲ್ಲಿ ಇದರ ಪರಿಣಾಮ ಅಲ್ಪವಾದರೂ, ಹೆದ್ದಾರಿಯ ವೇಗದಲ್ಲಿ ಗಾಳಿಯ ತಡೆಯೇ ಪ್ರಧಾನ ವೆಚ್ಚವಾದ್ದರಿಂದ ಅದು ಎದ್ದುಕಾಣುತ್ತದೆ.

ಗಾಲಿಯೊಳಗಿನ ಗಾಳಿಗೂ ಅದೇ ನಿಯಮ. ಬೇಸಗೆಯ ದಿನ ೩೨ ಪೌಂಡು ಒತ್ತಡಕ್ಕೆ ತುಂಬಿಸಿದ ಗಾಲಿಯನ್ನು ತೆಗೆದುಕೊಳ್ಳಬಹುದು. ಅಳತೆಮಾಪಕವು ತೋರಿಸುವುದು ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚೆಂಬುದನ್ನು ಮಾತ್ರ, ಆ ೧೪.೭ನ್ನು ಕೂಡಿಸಿದರೆ ನಿಜವಾದ ಒತ್ತಡ ೪೬.೭. ಉಷ್ಣತೆ ೨೯೮ರಿಂದ ೨೬೬ ಕೆಲ್ವಿನ್‌ಗೆ ಇಳಿದಾಗ ಇದು ೪೧.೭ಕ್ಕೆ ಇಳಿಯುತ್ತದೆ, ಮಾಪಕದಲ್ಲಿ ಕಾಣುವುದು ೨೭. ಗಾಲಿಗೆ ತೂತು ಬೀಳದೆಯೇ ಐದು ಪೌಂಡು ಮಾಯವಾಯಿತು! ಒತ್ತಡ ಕಡಿಮೆಯಾದ ಗಾಲಿ ನೆಲಕ್ಕೆ ಹೆಚ್ಚು ಚಪ್ಪಟೆಯಾಗಿ ಒತ್ತಿಕೊಂಡು, ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಿಚಿ ಬಿಚ್ಚಿಕೊಳ್ಳಬೇಕಾಗುತ್ತದೆ. ಒಂದು ಪೌಂಡು ಇಳಿದರೆ ಮೈಲೇಜಿನಲ್ಲಿ ಸುಮಾರು ಶೇಕಡಾ ೦.೨ ಇಳಿಯುವುದೆಂದು ಅಮೆರಿಕದ ಇಂಧನ ಇಲಾಖೆ ತಿಳಿಸುತ್ತದೆ; ಐದಕ್ಕೆ ಶೇಕಡಾ ಒಂದು. ಇದರ ಜೊತೆಗೆ ಚಳಿಯಲ್ಲಿ ರಬ್ಬರು ಬಿರುಸಾಗಿ, ಮಡಿಚಿದಾಗ ಹೀರಿದ ಶಕ್ತಿಯನ್ನು ಬಿಚ್ಚಿಕೊಂಡಾಗ ಮರಳಿ ಕೊಡದೆ ಉಳಿಸಿಕೊಳ್ಳುವ ಗುಣವನ್ನೂ ಹೆಚ್ಚಿಸಿಕೊಳ್ಳುತ್ತದೆ. ರಸ್ತೆಯ ಮೇಲೆ ಹಿಮವಿದ್ದರಂತೂ ಗಾಲಿ ಜಾರುವುದರಲ್ಲಿಯೇ ಒಂದಷ್ಟು ಶಕ್ತಿ ಹೋಗುತ್ತದೆ.

ಇಂಧನದಲ್ಲಿಯೇ ಆಗುವ ವ್ಯತ್ಯಾಸ

ಶೀತದೇಶಗಳಲ್ಲಿ ಚಳಿಗಾಲದಲ್ಲಿ ಮಾರುವ ಪೆಟ್ರೋಲು ಬೇಸಗೆಯ ಪೆಟ್ರೋಲಲ್ಲ. ಸುಲಭವಾಗಿ ಆವಿಯಾಗಲೆಂದು ಅದರಲ್ಲಿ ಬ್ಯೂಟೇನಿನಂಥ ಹಗುರವಾದ ಘಟಕಗಳನ್ನು ಹೆಚ್ಚಾಗಿ ಬೆರೆಸುತ್ತಾರೆ. ಇದರಿಂದ ಎಂಜಿನ್ ಹೊತ್ತಿಕೊಳ್ಳುವುದು ಸುಲಭವಾಗುತ್ತದೆ. ಆದರೆ ಹಗುರವಾದ ದ್ರವದ ಒಂದು ಲೀಟರಿನಲ್ಲಿ ಅಡಗಿರುವ ಶಕ್ತಿ ತುಸು ಕಡಿಮೆ. ಅಮೆರಿಕದಲ್ಲಿ ಬೇಸಗೆಯ ಪೆಟ್ರೋಲಿನಲ್ಲಿ ಚಳಿಗಾಲದ್ದಕ್ಕಿಂತ ಶೇಕಡಾ ೧.೭ರಷ್ಟು ಹೆಚ್ಚಿನ ಶಕ್ತಿಯಿರುತ್ತದೆ.

ಡೀಸೆಲಿನ ಕಥೆ ಇನ್ನೂ ಕಠಿಣವಾದುದು. ಅದರಲ್ಲಿ ಮೇಣದ ಅಂಶವಿದ್ದು, ಚಳಿ ಹೆಚ್ಚಾದಾಗ ಅದು ಹರಳುಗಟ್ಟಿ ಸೋಸುಕಗಳನ್ನು ಮುಚ್ಚಿಬಿಡುತ್ತದೆ. ಪುಷ್ಯಮಾಸದ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆಯನ್ನು ಕಂಡವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಭಾರತದಲ್ಲಿಯೇ ಲಡಾಖ್, ಕಾರ್ಗಿಲ್, ಹಿಮಾಚಲದ ಕಾಜಾ ಮತ್ತು ಕೇಲಾಂಗ್ ಪ್ರದೇಶಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ ೩೦ ಡಿಗ್ರಿ ಕೆಳಗಿನವರೆಗೂ ಇಳಿಯುವುದುಂಟು. ಅಲ್ಲಿ ಡೀಸೆಲ್ ಹೆಪ್ಪುಗಟ್ಟಿದರೆ ನಷ್ಟವು ಮೈಲೇಜಿನದಲ್ಲ. ಔಷಧ, ಆಹಾರ, ಸೈನಿಕರ ಸಾಮಗ್ರಿಗಳನ್ನು ಹೊತ್ತ ಲಾರಿ ಕಣಿವೆಯ ನಡುವೆಯೇ ನಿಂತುಬಿಡುತ್ತದೆ. ಈ ಕಷ್ಟದ ನಿವಾರಣೆಗಾಗಿ ಇಂಡಿಯನ್ ಆಯಿಲ್ ಸಂಸ್ಥೆಯು ಪಾಣಿಪತ್ತಿನ ಶುದ್ಧೀಕರಣಾಗಾರದಲ್ಲಿ ತಯಾರಿಸಿದ ವಿಶೇಷ ಚಳಿಗಾಲದ ಡೀಸೆಲನ್ನು ೨೦೧೯ರ ನವೆಂಬರಿನಲ್ಲಿ ಲಡಾಖಿನಲ್ಲಿ ಬಳಕೆಗೆ ತಂದಿತು. ಶೂನ್ಯಕ್ಕಿಂತ ೩೩ ಡಿಗ್ರಿ ಕೆಳಗಿನವರೆಗೂ ಅದು ಹರಿಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ.

ನಿಂತಲ್ಲಿಯೇ ಓಡುವ ಎಂಜಿನ್

ಪ್ರಕೃತಿಯು ವಿಧಿಸುವ ನಷ್ಟಗಳ ಜೊತೆಗೆ ಮನುಷ್ಯನು ತಾನಾಗಿ ತಂದುಕೊಳ್ಳುವ ನಷ್ಟವೊಂದಿದೆ. ಹೊರಡುವ ಮೊದಲು ಹತ್ತು ಹದಿನೈದು ನಿಮಿಷ ಎಂಜಿನ್ನನ್ನು ನಿಂತಲ್ಲಿಯೇ ಓಡಿಸಿ ಬಿಸಿ ಮಾಡಬೇಕೆಂಬ ನಂಬಿಕೆ ಕಾರ್ಬುರೇಟರಿನ ಕಾಲದಿಂದ ಬಂದದ್ದು. ಆಗ ಅದಕ್ಕೆ ಅರ್ಥವಿತ್ತು. ಇಂದಿನ ಎಂಜಿನ್ನಿಗೆ ಅರ್ಧ ನಿಮಿಷ ಸಾಕು. ನಂತರ ರಭಸವಿಲ್ಲದೆ ಮೆಲ್ಲನೆ ಓಡಿಸಿದರೆ ಅದು ನಿಂತಿರುವಾಗಿಗಿಂತ ಬೇಗ ಕಾಯುತ್ತದೆ. ನಿಂತು ಓಡುವ ಕಾರು ಗಂಟೆಗೆ ಸುಮಾರು ಒಂದರಿಂದ ಎರಡು ಲೀಟರು ಪೆಟ್ರೋಲನ್ನು ಉರಿಸಬಹುದು. ಅಷ್ಟು ಹೊತ್ತೂ ಅದರ ಮೈಲೇಜು ಸೊನ್ನೆ.

ಇದರಲ್ಲಿ ಪ್ರಾಣಾಪಾಯವೂ ಉಂಟು. ಅರೆಬರೆ ಉರಿದ ಇಂಧನದಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿಕೊಂಡು, ನಿದ್ದೆಯಲ್ಲಿದ್ದವರನ್ನು ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದು, ಹೊಗೆನಳಿಕೆಗೆ ಹಿಮ ಮೆತ್ತಿರುವಾಗ ಬೆಚ್ಚಗಿರಲೆಂದು ಕಾರಿನೊಳಗೆ ಕುಳಿತಿರುವುದು, ಇವೆರಡೂ ಶೀತದೇಶಗಳಲ್ಲಿ ಸಾವಿಗೆ ಕಾರಣವಾಗುತ್ತಿವೆ. ಹೊಸದಾಗಿ ಆ ದೇಶಗಳಿಗೆ ಹೋಗುವ ತರುಣರು ಮೈಲೇಜಿನ ಮಾತನ್ನು ಮರೆತರೂ ಇದನ್ನು ಮರೆಯಬಾರದು.

ಎಂಜಿನ್ನನ್ನು ಮೊದಲೇ ಕಾಯಿಸಬೇಕಾದಷ್ಟು ಚಳಿಯಿದ್ದರೆ ಅದಕ್ಕೆ ಬೇರೆ ದಾರಿಯಿದೆ. ಅಮೆರಿಕದ ಉತ್ತರ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಆಂಡ್ರೂ ಫ್ರೀಮನ್ ಎಂಬಾತನು ಎಂಜಿನ್ನಿಗೆ ಅಳವಡಿಸುವ ವಿದ್ಯುತ್ ಹೀಟರಿಗೆ ೧೯೪೯ರಲ್ಲಿ ಪೇಟೆಂಟು ಪಡೆದನು. ಇಂದಿಗೂ ಕೆನಡಾದ ವಿನಿಪೆಗ್‌ನಂಥ ನಗರಗಳಲ್ಲಿ ಕಾರು ನಿಲ್ಲಿಸುವ ಕಡೆ ವಿದ್ಯುತ್ ಪ್ಲಗ್ಗಿನ ಕಂಬಗಳಿರುತ್ತವೆ. ಹೊರಡುವುದಕ್ಕೆ ಒಂದೆರಡು ಗಂಟೆ ಮುಂಚೆ ಹೀಟರಿಗೆ ವಿದ್ಯುತ್ ಹರಿಸಿದರೆ ಎಂಜಿನ್ ಅರ್ಧ ದಾರಿ ಏರಿಯೇ ಕೆಲಸಕ್ಕೆ ತೊಡಗುತ್ತದೆ.

ವಿದ್ಯುತ್ ಕಾರಿನ ವಿಚಾರ

ಪೆಟ್ರೋಲಿಲ್ಲದ ಕಾರು ಚಳಿಯಿಂದ ಪಾರಾಗುತ್ತದೆಯೆ ಎಂದರೆ, ಇಲ್ಲ. ಇಲ್ಲಿರುವ ತರ್ಕ ಮಾತ್ರ ತಲೆಕೆಳಗು. ಪೆಟ್ರೋಲು ಎಂಜಿನ್ ತಾನು ಉರಿಸಿದ ಇಂಧನದ ಹೆಚ್ಚಿನ ಪಾಲನ್ನು ಶಾಖವಾಗಿ ಪೋಲು ಮಾಡುತ್ತದೆ. ಆ ಪೋಲಾದ ಶಾಖವೇ ಕುಳಿತವರನ್ನು ಬೆಚ್ಚಗಿಡುತ್ತದೆ. ವಿದ್ಯುತ್ ಮೋಟಾರು ಶಕ್ತಿಯನ್ನು ಪೋಲು ಮಾಡುವುದು ಅತ್ಯಲ್ಪ. ಆದುದರಿಂದಲೇ ಬೆಚ್ಚಗಿರಲು ಬೇಕಾದ ಶಾಖವನ್ನು ಬ್ಯಾಟರಿಯಿಂದ ಪ್ರತ್ಯೇಕವಾಗಿ ತೆಗೆಯಬೇಕಾಗುತ್ತದೆ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ೨೦೧೯ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಶೂನ್ಯಕ್ಕಿಂತ ಸುಮಾರು ೭ ಡಿಗ್ರಿ ಕೆಳಗೆ ಹೀಟರ್ ಹಾಕದೆ ಓಡಿಸಿದಾಗ ವಿದ್ಯುತ್ ಕಾರುಗಳು ಕ್ರಮಿಸಬಲ್ಲ ದೂರ ಸರಾಸರಿ ಶೇಕಡಾ ೧೨ರಷ್ಟು ಕಡಿಮೆಯಾಯಿತು. ಹೀಟರ್ ಹಾಕಿದಾಗ ಶೇಕಡಾ ೪೧ರಷ್ಟು. ಇವೆರಡರ ನಡುವಿನ ಅಂತರವೇ ಬೆಚ್ಚಗಿರುವುದರ ಬೆಲೆ.

ಆದರೂ ಇದು ಎದೆಗುಂದಬೇಕಾದ ವಿಷಯವಲ್ಲ. ಕೊರೆಯುವ ಚಳಿಯ ನಾರ್ವೆ ದೇಶದಲ್ಲಿ ೨೦೨೪ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪೂರ್ಣ ವಿದ್ಯುತ್ ಕಾರುಗಳಾಗಿದ್ದವು. ಕಾರು ಇನ್ನೂ ಮನೆಯ ವಿದ್ಯುತ್ತಿಗೆ ಜೋಡಿಸಿಕೊಂಡಿರುವಾಗಲೇ ಒಳಭಾಗವನ್ನೂ ಬ್ಯಾಟರಿಯನ್ನೂ ಬೆಚ್ಚಗಾಗಿಸುವುದು, ಹೊರಗಿನ ಗಾಳಿಯಿಂದಲೇ ಶಾಖವನ್ನು ಎತ್ತಿ ತರುವ ಹೀಟ್‌ಪಂಪನ್ನು ಬಳಸುವುದು ಮೊದಲಾದ ಉಪಾಯಗಳಿಂದ ನಷ್ಟವನ್ನು ತಗ್ಗಿಸಬಹುದಾಗಿದೆ.

ಕರ್ನಾಟಕಕ್ಕೆ ಈ ಪಾಠ ಏಕೆ?

ಬೀದರ, ವಿಜಯಪುರಗಳ ಕಡುಚಳಿಯೂ ಹಿಮಬೀಳುವಷ್ಟಲ್ಲ. ಈ ವಿಚಾರ ಇಲ್ಲಿ ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ೯೦ ಡಿಗ್ರಿಯಲ್ಲಿ ಕೆಲಸ ಮಾಡಬೇಕಾದ ಎಂಜಿನ್ನಿನ ದೃಷ್ಟಿಯಿಂದ ನೋಡಿದರೆ ೨೦ ಡಿಗ್ರಿಯ ಬೆಳಗೂ ಚಳಿಯೇ. ಅದು ಏರಬೇಕಾದ ಮೆಟ್ಟಿಲು ಆಗಲೂ ಎಪ್ಪತ್ತು. ಎರಡು ಕಿಲೋಮೀಟರಿನ ಪೇಟೆಗೆ, ಒಂದು ಕಿಲೋಮೀಟರಿನ ಶಾಲೆಗೆ ಕಾರು ಹೂಡಿದಾಗ ಎಂಜಿನ್ ಕಾಯುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ಅಂದರೆ ಆ ಕಾರು ವರ್ಷವಿಡೀ ತನ್ನ ಪಾಲಿನ ಚಳಿಗಾಲದಲ್ಲಿಯೇ ಓಡುತ್ತಿರುತ್ತದೆ. ಭಾರತವು ತನಗೆ ಬೇಕಾದ ಕಚ್ಚಾತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿರುವಾಗ, ಈ ಸಣ್ಣ ಸಣ್ಣ ಪೋಲುಗಳ ಮೊತ್ತ ಸಣ್ಣದಲ್ಲ.

ಪರಿಹಾರಗಳೂ ಸರಳವಾದವೇ. ಹಲವು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು, ತಯಾರಕರು ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಹಾಕಿಸುವುದು, ಗಾಲಿಯ ಒತ್ತಡವನ್ನು ತಿಂಗಳಿಗೊಮ್ಮೆ ಗಾಲಿ ತಣ್ಣಗಿರುವಾಗಲೇ ನೋಡಿಸುವುದು, ನಿಂತಲ್ಲಿ ಎಂಜಿನ್ ಆರಿಸುವುದು, ಹತ್ತಿರದ ದೂರಕ್ಕೆ ಕಾಲನ್ನೋ ಸೈಕಲ್ಲನ್ನೋ ನಂಬುವುದು, ಇವಿಷ್ಟೇ ಸಾಕು.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗಗಳು

ಈ ವಿಷಯವನ್ನು ಪ್ರೌಢಶಾಲೆಯ ಮಕ್ಕಳಿಗೆ ಬೋಧಿಸಲು ಬೆಲೆಬಾಳುವ ಉಪಕರಣಗಳು ಬೇಕಿಲ್ಲ.

೧. ಎರಡು ಚಿಕ್ಕ ಬಟ್ಟಲುಗಳಲ್ಲಿ ಹರಳೆಣ್ಣೆಯನ್ನು ತೆಗೆದುಕೊಂಡು, ಒಂದನ್ನು ಬಿಸಿನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಡಬೇಕು. ನಂತರ ಓರೆಯಾಗಿಟ್ಟ ತಟ್ಟೆಯ ಮೇಲೆ ಒಂದೊಂದು ಚಮಚ ಸುರಿದು, ಕೆಳಗೆ ಹರಿಯಲು ಹಿಡಿಯುವ ಸಮಯವನ್ನು ಅಳೆಯಬೇಕು. ಸ್ನಿಗ್ಧತೆಯೆಂಬ ಶಬ್ದ ಇದಾದ ಮೇಲೆ ಮಕ್ಕಳಿಗೆ ಮರೆಯದು.

೨. ಗಟ್ಟಿಯಾಗಿ ಗಾಳಿ ತುಂಬಿದ ಕಾಲ್ಚೆಂಡನ್ನು ಒಂದು ರಾತ್ರಿ ಶೀತಪೆಟ್ಟಿಗೆಯಲ್ಲಿಟ್ಟು, ಬೆಳಗ್ಗೆ ಅದು ಪುಟಿಯುವ ಎತ್ತರವನ್ನು ಹಿಂದಿನ ದಿನದ ಎತ್ತರದೊಡನೆ ಹೋಲಿಸಬೇಕು. ಗಾಲಿಯ ಒತ್ತಡದ ಲೆಕ್ಕವನ್ನು ನಂತರ ಕರಿಹಲಗೆಯ ಮೇಲೆ ಬಿಡಿಸಬಹುದು.

೩. ಶಾಲೆಯ ವಾಹನದ ದಿನಚರಿ ಪುಸ್ತಕದಿಂದ ತಿಂಗಳುವಾರು ಓಡಿದ ದೂರವನ್ನೂ ಹಾಕಿಸಿದ ಡೀಸೆಲನ್ನೂ ತೆಗೆದು ಹನ್ನೆರಡು ತಿಂಗಳ ನಕ್ಷೆ ಬರೆಯಿಸಬೇಕು. ಚಳಿಯ ತಿಂಗಳುಗಳಲ್ಲಿ ಇಳಿಕೆ ಕಂಡರೆ ಅದು ಚಳಿಯದೆಂದು ಕೂಡಲೇ ತೀರ್ಮಾನಿಸದೆ, ಮಾರ್ಗ, ಮಳೆ, ರಸ್ತೆಯ ಸ್ಥಿತಿ, ತಂಪುಯಂತ್ರದ ಬಳಕೆ ಮೊದಲಾದ ಇತರ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸುವುದನ್ನು ಕಲಿಸಬೇಕು. ಒಂದು ಫಲಕ್ಕೆ ಅನೇಕ ಕಾರಣಗಳಿರಬಹುದೆಂಬ ಅರಿವೇ ವೈಜ್ಞಾನಿಕ ಮನೋಭಾವದ ಮೊದಲ ಮೆಟ್ಟಿಲು.

ಚಳಿಯು ಎಂಜಿನ್ನಿನಿಂದ ಒಂದೇ ಬಾರಿಗೆ ದೊಡ್ಡದಾಗಿ ಏನನ್ನೂ ಕಸಿದುಕೊಳ್ಳುವುದಿಲ್ಲ. ಎಣ್ಣೆಯಲ್ಲಿ ಇಷ್ಟು, ಆವಿಯಲ್ಲಿ ಇಷ್ಟು, ಗಾಲಿಯಲ್ಲಿ ಇಷ್ಟು, ಗಾಳಿಯಲ್ಲಿ ಇಷ್ಟು ಎಂದು ಚಿಟಿಕೆ ಚಿಟಿಕೆಯಾಗಿ ಒಯ್ಯುತ್ತದೆ. ಉಳಿತಾಯವೂ ಅದೇ ದಾರಿಯಲ್ಲಿ, ಚಿಟಿಕೆ ಚಿಟಿಕೆಯಾಗಿಯೇ ಬರಬೇಕು. ಲೀಟರಿನ ಲೆಕ್ಕವನ್ನು ಬರೆದಿಡುವ ಚಾಲಕನೂ, ಒಲೆಯ ಮೇಲೆ ಹೆಂಚು ಕಾದಿರುವಾಗಲೇ ಉಳಿದ ರೊಟ್ಟಿಗಳನ್ನೂ ಸುಟ್ಟು ಮುಗಿಸುವ ಗೃಹಿಣಿಯೂ ಈ ಶಾಸ್ತ್ರವನ್ನು ಆಚರಣೆಯಲ್ಲಿ ಬಲ್ಲವರೇ. ಆ ಆಚರಣೆಯ ಹಿಂದಿರುವ ಕಾರಣವನ್ನು ತಿಳಿಸಿಕೊಡುವುದು ಶಾಲೆಯ ಕೆಲಸ.